ರಷ್ಯದ ಕೈದಿಯ ಹಚ್ಚೆ: ಬರೆದವರಾರು, ಓದಿದವರಾರು?

ಕಳೆದ ವಾರ ರಾತ್ರಿ ಪಾಳಿಗೆ ಹೊರಟಿದ್ದ ನೂಲು ಖಾತೆಯ ಹುಡುಗನೊಬ್ಬ ನಮ್ಮ ಪಕ್ಷದ ಕಚೇರಿಯ ಮುಂದೆ ಗಾಡಿ ನಿಲ್ಲಿಸಿ ಒಳಗೆ ಬಂದ. "ಮೇಷ್ಟ್ರೇ, ಹೊಸದಾಗಿ ಹಾಕಿಸ್ಕೊಂಡಿದೀನಿ ನೋಡಿ" ಎಂದು ಅಂಗಿಯ ಗುಂಡಿ ಬಿಚ್ಚಿ ತೋರಿಸಿದ. ಎರಡು ಹೆಗಲ ಕೆಳಗೂ, ಕೊರಳೆಲುಬಿನ ಹತ್ತಿರ, ಎಂಟು ಮೊನೆಯ ಒಂದೊಂದು ನಕ್ಷತ್ರ. ಹಚ್ಚೆಯ ಅಂಗಡಿಯವನು ಮೊಬೈಲಿನಲ್ಲಿ ತೋರಿಸಿದ ಚಿತ್ರಗಳಲ್ಲಿ ಇವನಿಗೆ ಹಿಡಿಸಿದ್ದು ಇದು. ಇದರ ಅರ್ಥವೇನಪ್ಪಾ ಎಂದು ಕೇಳಿದೆ. "ಅರ್ಥ ಏನಿರುತ್ತೆ ಮೇಷ್ಟ್ರೇ, ಡಿಸೈನು ಅಷ್ಟೆ" ಎಂದ.

ಈ ಹುಡುಗ ಏಳನೆಯ ತರಗತಿಯಲ್ಲಿ ನನ್ನ ಮುಂದೆ ಬೆಂಚಿನ ಮೇಲೆ ಕುಳಿತು ಪಾಠ ಕೇಳಿದವನು. ಆ ಸಲಿಗೆಯಿಂದ ಹೇಳಿದೆ: "ಇದೇ ನಕ್ಷತ್ರ ಹೊತ್ತು ನೀನು ಸೋವಿಯತ್ ಕಾಲದ ಸೆರೆಮನೆಯ ಒಂದು ಕೋಣೆಗೆ ಕಾಲಿಟ್ಟಿದ್ದರೆ, ಒಳಗಿದ್ದವರು ನಿನ್ನ ಹೆಸರು ಕೇಳುವ ಮೊದಲು ಇದಕ್ಕೆ ಜವಾಬು ಕೊಡುತ್ತೀಯಾ ಎಂದು ಕೇಳುತ್ತಿದ್ದರು. ಜವಾಬು ಇಲ್ಲದಿದ್ದರೆ ಗಾಜಿನ ಚೂರಿನಿಂದ ಅದನ್ನು ಚರ್ಮದೊಡನೆ ಕೆರೆದು ತೆಗೆಯುತ್ತಿದ್ದರು." ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಗುಂಡಿ ಹಾಕಿಕೊಂಡ. ಪಾಳಿಯ ಹೊತ್ತಾಗಿದ್ದರಿಂದ ಮಾತು ಅಲ್ಲಿಗೇ ನಿಂತಿತು. ಅಂದು ಕಚೇರಿಯಲ್ಲಿದ್ದ ಹತ್ತಾರು ಮಂದಿ ಉಳಿದುದನ್ನು ಹೇಳಿ ಎಂದು ಒತ್ತಾಯ ಮಾಡಿದರು. ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಇದು ಚಿತ್ರದ ಮಾತಲ್ಲ, ಮನುಷ್ಯನ ಮೈಮೇಲೆ ಯಾರ ಅಧಿಕಾರ ನಡೆಯುತ್ತದೆ ಎಂಬ ಮಾತು.

ಹಚ್ಚೆ ನಮಗೆ ಹೊಸದಲ್ಲ. ನಮ್ಮ ಅಜ್ಜಿಯರ ಮುಂಗೈಯಲ್ಲಿ ಕೊರವಂಜಿ ಚುಚ್ಚಿದ ತುಳಸಿಕಟ್ಟೆ, ಚೇಳು, ಸೀತೆಯ ಸೆರಗು ಇದ್ದವು. ಸತ್ತಾಗ ಜೊತೆಗೆ ಬರುವುದು ಹಚ್ಚೆಯೊಂದೇ ಎಂದು ಅವರು ಹೇಳುತ್ತಿದ್ದರು. ರಷ್ಯದ ಸೆರೆಮನೆಯ ಹಚ್ಚೆ ಆ ಬಗೆಯದಲ್ಲ. ಅದು ಅಲಂಕಾರವೂ ಅಲ್ಲ, ಹರಕೆಯೂ ಅಲ್ಲ. ಅದೊಂದು ದಾಖಲೆ.

ಚರ್ಮದ ಮೇಲಿನ ರಿಜಿಸ್ಟರು

ಕೈದಿಯ ಎದೆಯ ಮೇಲೋ ಬೆನ್ನ ಮೇಲೋ ಒಂದು ದೊಡ್ಡ ಇಗರ್ಜಿ. ಹೊರಗಿನವರು ನೋಡಿದರೆ ಪರಮ ದೈವಭಕ್ತನೆಂದುಕೊಳ್ಳಬೇಕು. ಬಲ್ಲವರು ಎಣಿಸುತ್ತಿದ್ದದ್ದು ಗುಮ್ಮಟಗಳನ್ನು. ಎಷ್ಟು ಗುಮ್ಮಟವೋ ಅಷ್ಟು ಸಲ ಶಿಕ್ಷೆ. ಬೆರಳುಗಳ ಮೇಲೆ ಚುಚ್ಚಿದ ಉಂಗುರಗಳೂ ಹಾಗೆಯೇ, ಒಂದೊಂದು ಉಂಗುರಕ್ಕೆ ಒಂದೊಂದು ಶಿಕ್ಷೆಯ ಕತೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಐದು ಚುಕ್ಕೆ: ನಾಲ್ಕು ಮೂಲೆಯವು ಕಾವಲು ಗೋಪುರಗಳು, ನಡುವಿನ ಒಂಟಿ ಚುಕ್ಕೆ ಕೈದಿ. ಕೊರಳೆಲುಬಿನ ಕೆಳಗಿನ ನಕ್ಷತ್ರವೆಂದರೆ ಕಳ್ಳರ ಕೂಟದಲ್ಲಿ ಹಿರಿತನ. ಅದೇ ನಕ್ಷತ್ರ ಮೊಣಕಾಲಿನ ಮೇಲಿದ್ದರೆ, ನಾನು ಯಾರ ಮುಂದೆಯೂ ಮಂಡಿಯೂರುವವನಲ್ಲ ಎಂದು ಅರ್ಥ. ಬೆಕ್ಕು ಕಳ್ಳನ ಹೆಜ್ಜೆಗೂ ಅವನ ಅದೃಷ್ಟಕ್ಕೂ ಗುರುತು. ರಷ್ಯನ್ ಭಾಷೆಯಲ್ಲಿ ಬೆಕ್ಕಿಗೆ 'ಕೊತ್' ಎನ್ನುತ್ತಾರೆ. ಆ ಮೂರು ಅಕ್ಷರಗಳನ್ನು ಬಿಡಿಸಿ ಓದಿದರೆ 'ಸೆರೆಮನೆಯ ಮೂಲನಿವಾಸಿ' ಎಂಬ ಮಾತಾಗುತ್ತದೆ.

ಹೀಗೆ ಅಕ್ಷರ ಬಿಡಿಸಿ ಓದುವ ಹಚ್ಚೆಗಳು ಬಹಳ. ಶ್ವೇತ ಸಮುದ್ರದ ಸೊಲೊವ್ಕಿ ದ್ವೀಪಗಳಲ್ಲಿ 1923ರಲ್ಲಿ ಸೋವಿಯತ್ ಸರಕಾರ ತೆರೆದ ಶಿಬಿರದ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ 'ಸ್ಲೋನ್' ಎಂದಾಗುತ್ತಿತ್ತು. ಸ್ಲೋನ್ ಎಂದರೆ ರಷ್ಯನ್ನಿನಲ್ಲಿ ಆನೆ. ಕೈದಿಗಳು ಆ ನಾಲ್ಕೇ ಅಕ್ಷರಗಳನ್ನು ಮೈಮೇಲೆ ಚುಚ್ಚಿಕೊಂಡು ಬೇರೊಂದು ಅರ್ಥ ಹೇಳಿಕೊಂಡರು: 'ಎಳೆತನದಿಂದ ಬರೀ ದುರ್ದೆಸೆ.' ಸರಕಾರದ ಫಲಕದಿಂದಲೇ ಅಕ್ಷರ ಕದ್ದು ತನ್ನ ಬಾಳಿನ ಕತೆ ಬರೆದುಕೊಂಡ ಬಗೆ ಇದು.

ನಮ್ಮ ವ್ಯಾಪಾರಿ ಬಂಧುಗಳಿಗೆ ಇದು ಬೇಗ ತಿಳಿಯುತ್ತದೆ. ತೂಕದ ಕಲ್ಲಿಗೆ ಮುದ್ರೆ ಬೀಳಬೇಕು. ಮುದ್ರೆಯಿಲ್ಲದ ಕಲ್ಲು ಅಂಗಡಿಯಲ್ಲಿದ್ದರೆ ದಂಡ, ಸುಳ್ಳು ಮುದ್ರೆ ಇದ್ದರೆ ಇನ್ನೂ ದೊಡ್ಡ ದಂಡ. ಸೆರೆಮನೆಯ ಹಚ್ಚೆಗೂ ಇದೇ ನಿಯಮ. ಗಳಿಸಿಕೊಳ್ಳದ ಹಚ್ಚೆ ಹಾಕಿಕೊಂಡವನು ಜೊತೆ ಕೈದಿಗಳ ಮುಂದೆ ವಿಚಾರಣೆಗೆ ನಿಲ್ಲಬೇಕಾಗಿತ್ತು. ಗಾಜು, ಉಜ್ಜುಗಾಗದ, ಇಟ್ಟಿಗೆಯ ಚೂರು, ಯಾವುದು ಸಿಕ್ಕರೆ ಅದರಿಂದ ಉಜ್ಜಿ ತೆಗೆಸುತ್ತಿದ್ದರು. ಕೊಂದದ್ದೂ ಉಂಟು.

ಅಕ್ಷರ ಬಲ್ಲ ಸರಕಾರ, ಕಾಗದವಿಲ್ಲದ ಕೈದಿ

ಹಚ್ಚೆ ಹಾಕುವುದು ಸೆರೆಮನೆಯಲ್ಲಿ ನಿಷಿದ್ಧ. ಸಿಕ್ಕಿಬಿದ್ದರೆ ಶಿಕ್ಷೆ. ಆದರೂ ಹಾಕುತ್ತಿದ್ದರು. ಬೂಟಿನ ಹಿಮ್ಮಡಿಯ ರಬ್ಬರನ್ನು ಸುಟ್ಟು ಮಸಿ ಮಾಡಿ, ಅದನ್ನು ಮೂತ್ರದಲ್ಲಿ ಕಲಸಿದರೆ ಶಾಯಿ. ಗಿಟಾರಿನ ತಂತಿಯನ್ನು ಹರಿತ ಮಾಡಿ ವಿದ್ಯುತ್ ಕ್ಷೌರಯಂತ್ರಕ್ಕೆ ಕಟ್ಟಿದರೆ ಸೂಜಿ. ಯಂತ್ರವಿಲ್ಲದ ಕಡೆ ಬರಿಗೈಯಿಂದ ಚುಚ್ಚುವುದು. ದೊಡ್ಡ ಚಿತ್ರವೊಂದು ಮುಗಿಯಬೇಕಾದರೆ ದಿನಗಟ್ಟಲೆ, ವಾರಗಟ್ಟಲೆ ನೋವು. ಜ್ವರ, ಕೀವು, ಕೆಲವೊಮ್ಮೆ ರಕ್ತವೇ ನಂಜಾಗಿ ಸಾವು.

ಇಷ್ಟೆಲ್ಲ ಏತಕ್ಕೆ? ಸೆರೆಮನೆಯಲ್ಲಿ ಕಾಗದವೆಲ್ಲ ಸರಕಾರದ್ದು. ಕೈದಿಯ ಹೆಸರು, ಕಲಮು, ವರ್ಷ, ನಡತೆ, ಎಲ್ಲವೂ ದಫ್ತರದಲ್ಲಿ. ಅದನ್ನು ಅವನು ಓದುವಂತಿಲ್ಲ, ತಿದ್ದುವಂತಿಲ್ಲ. ಅವನ ಬಟ್ಟೆ, ಮಲಗುವ ಹಲಗೆ, ಉಣ್ಣುವ ಬಟ್ಟಲು ಯಾವುದೂ ಅವನದಲ್ಲ. ಅವನ ಬಳಿ ಉಳಿದದ್ದು ಅಂಗೈಯಗಲದ ಚರ್ಮ. ಅದರ ಮೇಲೆ ತನ್ನ ಕೈಬರಹ ಮೂಡಿಸಿದ. ಗಿರಣಿಯಲ್ಲಿ ಹಾಜರಿ ಪುಸ್ತಕ ಬೇರೆಯವರ ಕೈಯಲ್ಲಿದ್ದಾಗ ಕೂಲಿಯವನು ಗೋಡೆಯ ಮೇಲೆ ಇದ್ದಲಿನಿಂದ ಗೆರೆ ಎಳೆದು ತನ್ನ ದಿನಗಳನ್ನು ಲೆಕ್ಕ ಇಡುವುದಿಲ್ಲವೆ? ಹಾಗೆ.

ಕೈದಿಯ ಮೈಮೇಲೆ ಮೊದಲು ಬರೆದವನು ಕೈದಿಯಲ್ಲ ಎಂಬುದನ್ನೂ ಮರೆಯಬಾರದು. ಜ಼ಾರ್ ದೊರೆಗಳ ಕಾಲದಲ್ಲಿ ಅಪರಾಧಿಯ ಹಣೆಗೂ ಕೆನ್ನೆಗಳಿಗೂ ಸರಕಾರವೇ ಬರೆ ಹಾಕುತ್ತಿತ್ತು. ಹದಿನೆಂಟನೆಯ ಶತಮಾನದಲ್ಲಿ ಹಾಕುತ್ತಿದ್ದ ಮೂರು ಅಕ್ಷರ 'ವೋರ್', ಅಂದರೆ ಕಳ್ಳ. ಆಮೇಲೆ ಬಂದದ್ದು 'ಕಾತ್', ಕಠಿಣ ದುಡಿಮೆಯ ಕೈದಿ ಎಂಬುದರ ಮೊದಲಕ್ಷರಗಳು. ಈ ಬರೆ 1863ರಲ್ಲಿ ನಿಂತಿತು. ಸರಕಾರ ಕಬ್ಬಿಣ ಕೆಳಗಿಟ್ಟಿತು. ಸೂಜಿಯನ್ನು ಕೈದಿ ಎತ್ತಿಕೊಂಡ. ಅವಮಾನಕ್ಕೆಂದು ಹಾಕಿದ ಗುರುತನ್ನೇ ಅವನು ಪದಕವಾಗಿ ಧರಿಸಿಕೊಂಡ. ಹಚ್ಚೆ ತುಂಬಿದ ಮೈಯನ್ನು ಅಲ್ಲಿನ ಕೈದಿಗಳ ಮಾತಿನಲ್ಲಿ 'ಪದಕ ತೂಗುಹಾಕಿದ ದರ್ಬಾರು ಕೋಟು' ಎಂದೇ ಕರೆಯುತ್ತಿದ್ದರು.

ಕಳ್ಳನನ್ನು ವೀರನೆನ್ನಬೇಡಿ

ಇಷ್ಟು ಕೇಳಿದ ಕೂಡಲೆ ನಮ್ಮ ತರುಣರ ಕಣ್ಣು ಅರಳುತ್ತದೆ. ಸರಕಾರಕ್ಕೆ ತಲೆಬಾಗದ ಕಳ್ಳ, ಮಂಡಿಯೂರದ ಗಂಡು! ಸಿನಿಮಾದವರೂ ಹೀಗೆಯೇ ತೋರಿಸುತ್ತಾರೆ. ಇಲ್ಲಿ ನಾನು ತಡೆದು ಹೇಳಬೇಕಾಗಿದೆ.

1930ರ ದಶಕದ ಶಿಬಿರಗಳಲ್ಲಿ ಬಲಿತ ಈ ಕೂಟದವರನ್ನು 'ಕಟ್ಟಳೆಯ ಕಳ್ಳರು' ಎನ್ನುತ್ತಿದ್ದರು. ಸರಕಾರಕ್ಕಾಗಿ ದುಡಿಯಬಾರದು, ಸೈನ್ಯಕ್ಕೆ ಸೇರಬಾರದು, ಅಧಿಕಾರಿಗಳೊಡನೆ ಕೈ ಸೇರಿಸಬಾರದು ಎಂಬುದು ಅವರ ಕಟ್ಟಳೆ. ಕೇಳಲು ಬಂಡಾಯದಂತಿದೆ. ಆದರೆ ಅವರು ದುಡಿಯದೆ ಬಿಟ್ಟ ಕೆಲಸವನ್ನು ಮಾಡುತ್ತಿದ್ದವರಾರು? ಪಕ್ಕದ ಹಲಗೆಯ ಕೈದಿ. ಅವರು ಉಂಡ ಹೆಚ್ಚಿನ ರೊಟ್ಟಿ ಯಾರದು? ಆ ಕೈದಿಯದೇ. ಶಿಬಿರದ ಅಧಿಕಾರಿಗಳ ಭಾಷೆಯಲ್ಲಿ ಕಳ್ಳರು 'ಸಮಾಜಕ್ಕೆ ಹತ್ತಿರದವರು'. ರೈತ, ಮೇಷ್ಟ್ರು, ಇಂಜಿನಿಯರು, ಬೇರೆ ಪಕ್ಷದ ಸಮಾಜವಾದಿ, ಹೀಗೆ 58ನೆಯ ಕಲಮಿನ ಕೆಳಗೆ ಬಂದವರು 'ಜನರ ಶತ್ರುಗಳು'. ಈ ಎರಡನೆಯವರನ್ನು ಹದ್ದಿನಲ್ಲಿಡಲು ಮೊದಲನೆಯವರನ್ನು ಅಧಿಕಾರಿಗಳು ಬಳಸಿಕೊಂಡರು. ಕೊಲಿಮಾದ ಶಿಬಿರಗಳಲ್ಲಿ ವರ್ಷಗಟ್ಟಲೆ ನವೆದ ಲೇಖಕ ವರ್ಲಾಮ್ ಶಲಾಮೊವ್ ಇದನ್ನು ಕಣ್ಣಾರೆ ಕಂಡು ಬರೆದರು. ಕಳ್ಳನಿಗೆ ವೀರನ ವೇಷ ತೊಡಿಸಿದ್ದು ರಷ್ಯನ್ ಸಾಹಿತ್ಯದ ದೊಡ್ಡ ತಪ್ಪೆಂದು ಅವರು ಆರೋಪಿಸಿದರು.

ಇನ್ನು ಕಳ್ಳರ ಕೂಟದ ಒಳಗಿನ ನ್ಯಾಯವೇನು? ಅಪ್ಪಟ ಜಾತಿಪದ್ಧತಿ. ಮೇಲಿನವನಿಗೆ ನಕ್ಷತ್ರ, ಕೆಳಗೆ ತಳ್ಳಲ್ಪಟ್ಟವನಿಗೆ ಬಲಾತ್ಕಾರದ ಹಚ್ಚೆ. ಇಸ್ಪೀಟಿನಲ್ಲಿ ಸೋತು ಹಣ ಕೊಡಲಾಗದವನು, ಚಾಡಿಕೋರನೆಂಬ ಗುಮಾನಿಗೆ ಸಿಕ್ಕವನು, ದುರ್ಬಲನಾದ ಎಳೆಯ ಹುಡುಗ, ಇವರನ್ನು ನಾಲ್ವರು ಹಿಡಿದುಕೊಂಡು ಮೈಮೇಲೆ ಅವಮಾನದ ಗುರುತು ಚುಚ್ಚುತ್ತಿದ್ದರು. ಆ ಗುರುತಿದ್ದವನೊಡನೆ ಯಾರೂ ಉಣ್ಣುವಂತಿಲ್ಲ, ಅವನ ಬಟ್ಟಲು ಮುಟ್ಟುವಂತಿಲ್ಲ. ಅವನು ಮಲಗುವುದು ಕಕ್ಕಸಿನ ಬಳಿ. ಬೇರೆ ಸೆರೆಮನೆಗೆ ವರ್ಗವಾದರೂ ಹಚ್ಚೆ ಅವನಿಗಿಂತ ಮುಂಚೆ ಅಲ್ಲಿ ಮಾತಾಡುತ್ತಿತ್ತು. ಮುಟ್ಟಬಾರದ ಬಟ್ಟಲು, ಊರಾಚೆಯ ಜಾಗ: ಇದನ್ನು ಓದುವಾಗ ನಮ್ಮಲ್ಲಿ ಯಾರಿಗಾದರೂ ಅಪರಿಚಿತವೆನಿಸುತ್ತದೆಯೆ?

ಮೈಮೇಲೆ ಸರಕಾರ ಬರೆದದ್ದು ದಬ್ಬಾಳಿಕೆ. ಕೈದಿ ತನ್ನ ಮೈಮೇಲೆ ತಾನು ಬರೆದುಕೊಂಡದ್ದು ಅಸಹಾಯಕನ ಮಾತು. ಆದರೆ ಬಲಿಷ್ಠ ಕೈದಿ ದುರ್ಬಲ ಕೈದಿಯ ಮೈಮೇಲೆ ಬರೆದದ್ದು ಮತ್ತೆ ದಬ್ಬಾಳಿಕೆಯೇ. ಈ ಮೂರನ್ನು ಕಲಸಿ ಹಾಕಿ 'ಕಲೆ' ಎಂದು ಹೊಗಳುವವರೊಡನೆ ನಮಗೆ ಒಪ್ಪಿಗೆ ಇಲ್ಲ.

ಎದೆಯ ಮೇಲೆ ಲೆನಿನ್, ಹಣೆಯ ಮೇಲೆ ಆರೋಪ

ಅನೇಕ ಕೈದಿಗಳ ಎದೆಯ ಮೇಲೆ ಲೆನಿನ್, ಸ್ಟಾಲಿನ್ನರ ಮುಖಗಳಿದ್ದವು. ಭಕ್ತಿಯಿಂದಲ್ಲ. ನಾಯಕನ ಚಿತ್ರಕ್ಕೆ ಸಿಪಾಯಿ ಗುಂಡು ಹಾರಿಸಲಾರ, ಹಾಗಾಗಿ ಮರಣದಂಡನೆಯಿಂದ ಉಳಿಯಬಹುದು ಎಂಬ ನಂಬಿಕೆ. ಪಾಪ, ಗುಂಡು ಬರುತ್ತಿದ್ದದ್ದು ತಲೆಯ ಹಿಂಬದಿಗೆ. ಇನ್ನು ಕೆಲವರು ಲೆನಿನ್ನನ ಚಿತ್ರದ ಕೆಳಗೆ ಮೂರು ಅಕ್ಷರ ಸೇರಿಸುತ್ತಿದ್ದರು. ಬಿಡಿಸಿ ಓದಿದರೆ 'ಅಕ್ಟೋಬರ್ ಕ್ರಾಂತಿಯ ನಾಯಕ'. ಕೂಡಿಸಿ ಓದಿದರೆ 'ವೋರ್', ಕಳ್ಳ. ಜ಼ಾರ್‌ಗಳ ಬರೆಯ ಅದೇ ಮೂರು ಅಕ್ಷರ!

ಇದಕ್ಕಿಂತ ಘೋರವಾದದ್ದು ಹಣೆಯ ಮೇಲಿನ ಬರಹ. ತಾನು ಆಳುವ ಪಕ್ಷದ ಗುಲಾಮನೆಂದು ಕೆಲವರು ನೇರವಾಗಿ ಹಣೆಗೆ ಚುಚ್ಚಿಕೊಂಡರು. 1960ರ ದಶಕದ ಶಿಬಿರಗಳಲ್ಲಿದ್ದ ಕಾರ್ಮಿಕ ಅನತೊಲಿ ಮಾರ್ಚೆಂಕೊ ತಮ್ಮ ನೆನಪಿನ ಪುಸ್ತಕದಲ್ಲಿ ಇಂಥವರ ಸಂಗತಿ ಬರೆದಿದ್ದಾರೆ. ಅಧಿಕಾರಿಗಳು ಆ ಹಣೆಯ ಚರ್ಮವನ್ನು ಶಸ್ತ್ರಕ್ರಿಯೆಯಿಂದ ಕತ್ತರಿಸಿ ತೆಗೆಸುತ್ತಿದ್ದರು. ಗಾಯ ಮಾಯ್ದ ಮೇಲೆ ಕೈದಿ ಮತ್ತೆ ಬರೆದುಕೊಳ್ಳುತ್ತಿದ್ದ. ಮತ್ತೆ ಕತ್ತರಿಸುವುದು. ಮಾರ್ಚೆಂಕೊ ಸ್ವತಃ 1986ರಲ್ಲಿ ಸೆರೆಯಲ್ಲೇ ಸತ್ತರು.

ಹಣೆಯ ಮೇಲೆ ಬರೆದುಕೊಂಡವನು ವಿದ್ವಾಂಸನಲ್ಲ, ಯಾವ ಸಿದ್ಧಾಂತವನ್ನೂ ಓದಿದವನಲ್ಲ. ಅವನಿಗೆ ಪತ್ರಿಕೆ ಇರಲಿಲ್ಲ, ಸಭೆ ಇರಲಿಲ್ಲ, ವಕೀಲನಿರಲಿಲ್ಲ, ಮುಷ್ಕರದ ಹಕ್ಕಿರಲಿಲ್ಲ. ಕೊನೆಗೆ ತನ್ನ ಹಣೆಯನ್ನೇ ಕರಪತ್ರ ಮಾಡಿಕೊಂಡ. 1917ರಲ್ಲಿ ಅಧಿಕಾರಕ್ಕೆ ಬಂದ ಕೆಲವೇ ದಿನಗಳಲ್ಲಿ 8 ಗಂಟೆಯ ದುಡಿಮೆಯ ಆಜ್ಞೆ ಹೊರಡಿಸಿದ ಸರಕಾರ ಅದು. ಅದನ್ನು ನೆನೆದು ಇಂದಿಗೂ ನಾವು ಮೇ ದಿನ ಮಾತಾಡುತ್ತೇವೆ, ಮಾತಾಡಲೇಬೇಕು. ಅದೇ ರಾಜ್ಯದ ಶಿಬಿರಗಳನ್ನು ಸ್ಟಾಲಿನ್ ಕಾಲದಲ್ಲಿ ಹಾದುಹೋದವರು ಸುಮಾರು 1 ಕೋಟಿ 80 ಲಕ್ಷ ಮಂದಿ ಎಂದು ಇತಿಹಾಸಕಾರರ ಅಂದಾಜು. ಇದನ್ನೂ ಹೇಳಬೇಕು. ಇದು ಶತ್ರುಗಳ ಅಪಪ್ರಚಾರವೆಂದು ನಮ್ಮ ಕೆಲವು ಎಡಪಂಥದ ಗೆಳೆಯರು ಮುಖ ತಿರುಗಿಸುತ್ತಾರೆ. ಮನೆಯ ಗೋಡೆ ಬಿರುಕು ಬಿಟ್ಟಿದ್ದನ್ನು ನೆರೆಯವನು ತೋರಿಸಿದನೆಂದು ಬಿರುಕು ಸುಳ್ಳಾಗುವುದಿಲ್ಲ. ದುಡಿಯುವವರ ಹೆಸರಿನಲ್ಲಿ ಆಳುವವರು ದುಡಿಯುವವರ ಬಾಯಿ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಆ ಹಣೆಗಳಿಗಿಂತ ಬೇರೆ ಸಾಕ್ಷಿ ಬೇಡ.

ಬಾಯಿ ಬಂದ ನಲವತ್ತು ದಿನ

ಹಚ್ಚೆಯೊಂದೇ ಅವರಿಗಿದ್ದ ದಾರಿಯೆ? ಕಜ಼ಾಖ್‌ಸ್ತಾನದ ಕೆಂಗಿರ್ ಎಂಬಲ್ಲಿ ಒಂದು ಶಿಬಿರವಿತ್ತು. ಸ್ಟಾಲಿನ್ ಸತ್ತ ಮರುವರ್ಷ, 1954ರಲ್ಲಿ, ಅಲ್ಲಿನ ರಾಜಕೀಯ ಕೈದಿಗಳು ಮಾತು ಕೇಳದಾದಾಗ ಅವರ ಒಗ್ಗಟ್ಟು ಮುರಿಯಲೆಂದೇ ಅಧಿಕಾರಿಗಳು ನೂರಾರು ಕಳ್ಳರನ್ನು ತಂದು ಒಳಗೆ ಬಿಟ್ಟರು. ಮುಷ್ಕರ ಮುರಿಯಲು ಮಾಲೀಕರು ಗೂಂಡಾಗಳನ್ನು ತರುವುದನ್ನು ಕಂಡ ನಮಗೆ ಈ ಉಪಾಯ ಹೊಸದಲ್ಲ. ಆದರೆ ಕೆಂಗಿರ್‌ನಲ್ಲಿ ಲೆಕ್ಕ ತಪ್ಪಿತು. ರಾಜಕೀಯ ಕೈದಿಗಳು ಕಳ್ಳರೊಡನೆ ಮಾತಾಡಿದರು, ಕಳ್ಳರು ಅವರ ಜೊತೆ ನಿಂತರು. ಹೆಂಗಸರ ಶಿಬಿರವನ್ನೂ ಗಂಡಸರ ಶಿಬಿರವನ್ನೂ ಬೇರ್ಪಡಿಸಿದ್ದ ಗೋಡೆ ಬಿತ್ತು. ಸುಮಾರು 40 ದಿನ ಶಿಬಿರವನ್ನು ಕೈದಿಗಳೇ ನಡೆಸಿದರು. ಸಮಿತಿ ಆರಿಸಿದರು, ಬೇಡಿಕೆಗಳ ಪಟ್ಟಿ ಬರೆದರು, ಹೊರಗಿನವರಿಗೆ ಕಾಣುವಂತೆ ಬರಹ ತೂಗುಹಾಕಿದರು. ಜೂನ್ ಕೊನೆಯಲ್ಲಿ ಸರಕಾರ ಟ್ಯಾಂಕುಗಳನ್ನು ನುಗ್ಗಿಸಿ ಅದನ್ನು ತುಳಿಯಿತು.

ಸೋತರು, ನಿಜ. ಆದರೆ ಆ 40 ದಿನ ಅವರು ತಮ್ಮ ಮಾತನ್ನು ಬಟ್ಟೆಯ ಮೇಲೆ, ಕಾಗದದ ಮೇಲೆ ಬರೆದರು. ಚರ್ಮದ ಮೇಲೆ ಬರೆಯಬೇಕಾದ ಗತಿ ಯಾರಿಗೆ, ಯಾವಾಗ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಸಂಘಟನೆ ಇಲ್ಲದ ಕಡೆ ಹಚ್ಚೆ ಮಾತಾಡುತ್ತದೆ.

ಕ್ಯಾಮೆರಾ ಯಾರ ಕೈಯಲ್ಲಿ?

ಇದೆಲ್ಲ ನಮಗೆ ತಿಳಿದುಬಂದದ್ದು ಹೇಗೆ? ಮುಖ್ಯವಾಗಿ ಮೂವರಿಂದ. ಮೂವರ ಕತೆಯಲ್ಲೂ ಸರಕಾರದ ನೆರಳಿದೆ.

ಮೊದಲನೆಯವರು ದನ್‌ಜ಼ಿಗ್ ಬಲ್ದಾಯೆವ್. 1925ರಲ್ಲಿ ಬುರ್ಯಾತಿಯಾದ ಉಲಾನ್-ಉದೆಯಲ್ಲಿ ಹುಟ್ಟಿದವರು. ತಂದೆ ಜಾನಪದ ವಿದ್ವಾಂಸ, ಅವರನ್ನು 'ಜನರ ಶತ್ರು' ಎಂದು ಬಂಧಿಸಿದಾಗ ಹುಡುಗ ಅನಾಥಾಲಯ ಸೇರಿದ. ದೊಡ್ಡವನಾದ ಮೇಲೆ, 1948ರಲ್ಲಿ, ಅವನಿಗೆ ಸಿಕ್ಕ ಕೆಲಸ ಲೆನಿನ್‌ಗ್ರಾಡಿನ ಕ್ರೆಸ್ತಿ ಸೆರೆಮನೆಯ ಕಾವಲುಗಾರಿಕೆ. ಕೈದಿಗಳ ಹಚ್ಚೆಗಳನ್ನು ಆತ ಗುಟ್ಟಾಗಿ ಪೆನ್ನಿನಿಂದ ಬಿಡಿಸತೊಡಗಿದ. ಬರೆದಿಡು, ಇಲ್ಲವಾದರೆ ಇದೆಲ್ಲ ಅವರ ಜೊತೆ ಮಣ್ಣಾಗುತ್ತದೆ ಎಂದು ತಂದೆಯೇ ಹುರಿದುಂಬಿಸಿದರಂತೆ. ಯಾರೋ ಚಾಡಿ ಹೇಳಿದರು. ಗುಪ್ತ ಪೊಲೀಸರು ಶಿಕ್ಷಿಸುವ ಬದಲು, ಇದು ನಮಗೂ ಉಪಯೋಗ ಎಂದು ಬೆಂಬಲ ಕೊಟ್ಟರು. 2005ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಮೂರು ಸಾವಿರಕ್ಕೂ ಹೆಚ್ಚು ಚಿತ್ರಗಳಿದ್ದವು. ಲಂಡನ್ನಿನ ಪ್ರಕಾಶಕರೊಬ್ಬರು 2003ರಿಂದ ಅವನ್ನು ಮೂರು ಸಂಪುಟಗಳಾಗಿ ಅಚ್ಚು ಮಾಡಿದರು.

ಎರಡನೆಯವರು ಅರ್ಕಾದಿ ಬ್ರೊನ್ನಿಕೊವ್. ಇವರು ಸೋವಿಯತ್ ಒಳಾಡಳಿತ ಖಾತೆಯ ಅಪರಾಧ ತಜ್ಞರು. 1960ರ ದಶಕದ ನಡುವಿನಿಂದ 1980ರ ದಶಕದ ನಡುವಿನವರೆಗೆ ಉರಲ್ ಮತ್ತು ಸೈಬೀರಿಯದ ಶಿಬಿರಗಳಲ್ಲಿ ಕೈದಿಗಳ ಹಚ್ಚೆಗಳ ಛಾಯಾಚಿತ್ರ ತೆಗೆದರು. ಅವು ಪೊಲೀಸರ ಉಪಯೋಗಕ್ಕಾಗಿ ತೆಗೆದವು. ಎಷ್ಟೋ ಚಿತ್ರಗಳಲ್ಲಿ ಬರೀ ಕೈ, ಬರೀ ಎದೆ, ಬರೀ ಬೆನ್ನು. ಹೆಸರಿಲ್ಲ, ಕೆಲವಕ್ಕೆ ಮುಖವೂ ಇಲ್ಲ. 2014ರಲ್ಲಿ ಅವೂ ಪುಸ್ತಕವಾದವು.

ಮೂರನೆಯವರು ಸೆರ್ಗೆಯ್ ವಸೀಲ್ಯೆವ್, ಚೆಲ್ಯಾಬಿನ್‌ಸ್ಕ್ ನಗರದ ಸಂಜೆ ಪತ್ರಿಕೆಯೊಂದರ ಛಾಯಾಗ್ರಾಹಕರು. 1989ರಿಂದ 1993ರವರೆಗೆ, ಅಂದರೆ ಸೋವಿಯತ್ ರಾಜ್ಯ ಕುಸಿಯುತ್ತಿದ್ದ ವರ್ಷಗಳಲ್ಲಿ, ಚೆಲ್ಯಾಬಿನ್‌ಸ್ಕ್, ನಿಜ್ನಿ ತಗೀಲ್, ಪೆರ್ಮ್, ಸೇಂಟ್ ಪೀಟರ್ಸ್‌ಬರ್ಗ್ ಸೆರೆಮನೆಗಳಲ್ಲಿ ಚಿತ್ರ ತೆಗೆದರು. ಇಲ್ಲಿ ಹಚ್ಚೆಯ ಹಿಂದೆ ಮನುಷ್ಯನಿದ್ದಾನೆ. ಎದೆ ತೆರೆದು ನಿಂತ ಕೈದಿ ನಮ್ಮ ಕಣ್ಣಿಗೆ ಕಣ್ಣಿಟ್ಟು ನೋಡುತ್ತಾನೆ. ಎದೆಯ ಗುಮ್ಮಟಗಳನ್ನು ಎಣಿಸುತ್ತಾ ಹೋದ ನಾನು ಆ ಕಣ್ಣುಗಳಿಗೆ ಬಂದಾಗ ಲೆಕ್ಕ ತಪ್ಪಿದೆ.

ಒಂದೇ ಹಚ್ಚೆ, ಎರಡು ಬಗೆಯ ಚಿತ್ರ. ಒಂದು ಮನುಷ್ಯನನ್ನು ಗುರುತಾಗಿ ಮಾಡುತ್ತದೆ, ಇನ್ನೊಂದು ಗುರುತಿನ ಹಿಂದಿನ ಮನುಷ್ಯನನ್ನು ತೋರಿಸುತ್ತದೆ. ಹಾಗೆಂದು ಪೊಲೀಸು ದಫ್ತರದ ಚಿತ್ರಗಳನ್ನು ಸುಟ್ಟುಬಿಡಬೇಕೆ? ಬೇಡ. ಕಾವಲುಗಾರನ ಕೈಯ ಚಿತ್ರವೇ ಇಂದು ಕಾವಲಿನ ಮೇಲೆ ಸಾಕ್ಷಿ ನುಡಿಯುತ್ತಿದೆ. ಆಳುವವರು ತಮ್ಮ ಅನುಕೂಲಕ್ಕೆ ಬರೆದಿಟ್ಟ ಲೆಕ್ಕದಿಂದಲೇ ಅವರ ಅನ್ಯಾಯ ಬಯಲಾಗುವುದನ್ನು ಕೂಲಿ ತಗಾದೆಗಳಲ್ಲಿ ನಾವೂ ಕಂಡಿದ್ದೇವೆ. ಆದರೆ ಒಂದು ಪ್ರಶ್ನೆ ಕೇಳದೆ ಬಿಡಲಾಗದು. ಅಂಗಿ ಬಿಚ್ಚು ಎಂದು ಅಧಿಕಾರಿ ಹೇಳಿದಾಗ, ಬಿಚ್ಚುವುದಿಲ್ಲ ಎನ್ನುವ ಹಕ್ಕು ಆ ಕೈದಿಗಿತ್ತೆ? ಇಂದು ಆ ಚಿತ್ರ ದುಬಾರಿ ಪುಸ್ತಕವಾಗಿ, ಅಂಗಡಿಯ ಮಾದರಿಯಾಗಿ, ಸಿನಿಮಾದ ವೇಷವಾಗಿ ಊರೂರಿಗೆ ಹೋಗಿದೆ. ಚಿತ್ರದಲ್ಲಿದ್ದವನ ಹೆಸರು ಮಾತ್ರ ಯಾರಿಗೂ ಬೇಕಾಗಿಲ್ಲ.

ಸರಕಾರ ಚರ್ಮ ಓದುವುದೂ ನಿಂತಿಲ್ಲ. 2020ರಲ್ಲಿ ರಷ್ಯದ ಸುಪ್ರೀಂ ಕೋರ್ಟು ಸೆರೆಮನೆಯ ಕಳ್ಳರ ರೀತಿನೀತಿಯನ್ನು ಹೊಗಳುವ ಒಂದು ತರುಣರ ಚಳವಳಿಯನ್ನು ಉಗ್ರವಾದವೆಂದು ನಿಷೇಧಿಸಿತು. ಅಂದಿನಿಂದ ಎಂಟು ಮೊನೆಯ ನಕ್ಷತ್ರದ ಹಚ್ಚೆ ತೋರಿಸಿದ್ದಕ್ಕೆ, ಅದರ ಚಿತ್ರ ಹಂಚಿದ್ದಕ್ಕೆ ದಂಡ, ಸೆರೆವಾಸ ಆಗಿವೆ. ಹಿಂದೆ ಕಳ್ಳರು ಕೇಳುತ್ತಿದ್ದ ಪ್ರಶ್ನೆಯನ್ನು ಅಲ್ಲಿ ಈಗ ನ್ಯಾಯಾಲಯವೇ ಕೇಳುತ್ತಿದೆ: ಇದಕ್ಕೆ ಜವಾಬು ಕೊಡುತ್ತೀಯಾ?

ನಮ್ಮ ಮನೆಯ ಬಿರುಕು

ರಷ್ಯದ ಮಾತು ನಮಗೇಕೆ ಎನ್ನುವವರಿಗೆ ಎರಡು ಮಾತು. ಕೈದಿಯ ಹಣೆಗೆ ಹಚ್ಚೆ ಹಾಕುವುದು ನಮ್ಮ ದೇಶದಲ್ಲೂ ಕಾಯಿದೆಯಾಗಿತ್ತು. ಕಂಪನಿ ಸರಕಾರ 1797ರಲ್ಲಿ ಬಂಗಾಳದಲ್ಲಿ ತಂದ ಕಾನೂನಿನಂತೆ ಜೀವಾವಧಿ ಕೈದಿಯ ಹಣೆಯ ಮೇಲೆ ಅವನ ಹೆಸರು, ಅಪರಾಧ, ಶಿಕ್ಷೆಯ ತಾರೀಖು ಚುಚ್ಚುತ್ತಿದ್ದರು. ಅದು ನಿಂತದ್ದು 1849ರಲ್ಲಿ. ನಿಂತಿತೆಂದು ಪುಸ್ತಕ ಹೇಳುತ್ತದೆ. ಆದರೆ 1993ರಲ್ಲಿ, ಸ್ವತಂತ್ರ ಭಾರತದ ಅಮೃತಸರದಲ್ಲಿ, ಪೊಲೀಸರು ಬಡ ಹೆಂಗಸರ ಹಣೆಯ ಮೇಲೆ 'ಜೇಬುಗಳ್ಳಿ' ಎಂದು ಹಚ್ಚೆ ಚುಚ್ಚಿಸಿದರು. ತಪ್ಪಿತಸ್ಥ ಅಧಿಕಾರಿಗಳಿಗೆ ಶಿಕ್ಷೆಯಾದದ್ದು 2016ರಲ್ಲಿ, 23 ವರ್ಷಗಳ ಮೇಲೆ. ಆ ಹೆಂಗಸರು ಅಷ್ಟು ವರ್ಷ ಸೆರಗನ್ನು ಎಲ್ಲಿಯವರೆಗೆ ಎಳೆದುಕೊಂಡು ಬೀದಿಯಲ್ಲಿ ನಡೆದಿರಬೇಕು!

ಜಾತಿಯ ಮಾತೂ ಹಾಗೆಯೇ. ಸೆರೆಮನೆಯಲ್ಲಿ ಯಾವ ಜಾತಿಯವನು ಅಡುಗೆ ಮಾಡಬೇಕು, ಯಾವ ಜಾತಿಯವನು ಕಕ್ಕಸು ಬಳಿಯಬೇಕು ಎಂದು ನಮ್ಮ ದೇಶದ ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲೇ ಬರೆದಿತ್ತು. ಅದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು 2024ರ ಅಕ್ಟೋಬರ್ 3ರಂದು. ಅಲ್ಲಿ ಕಳ್ಳರು ಸೂಜಿಯಿಂದ ಚುಚ್ಚಿದ್ದನ್ನು ಇಲ್ಲಿ ಸರಕಾರ ಅಚ್ಚು ಹಾಕಿಸಿ ಇಟ್ಟುಕೊಂಡಿತ್ತು. ಇನ್ನು ಚಿತ್ರ ತೆಗೆಯುವ ಮಾತು: 2022ರ ಕಾಯಿದೆಯೊಂದು ಬಂಧಿತನ ಬೆರಳಚ್ಚು, ಛಾಯಾಚಿತ್ರ, ಕಣ್ಣಿನ ಪಾಪೆಯ ಗುರುತು, ರಕ್ತದ ಮಾದರಿ ಮೊದಲಾದವನ್ನು ತೆಗೆದು 75 ವರ್ಷ ಇಟ್ಟುಕೊಳ್ಳಲು ಅವಕಾಶ ಕೊಟ್ಟಿದೆ. ಮುಷ್ಕರದಲ್ಲಿ ಬಂಧಿತನಾದ ಕಾರ್ಮಿಕನೂ ಬಂಧಿತನೇ ಎಂಬುದನ್ನು ನಮ್ಮ ಯೂನಿಯನ್ನಿನವರು ನೆನಪಿಡಬೇಕು.

ಆದುದರಿಂದ ನಮ್ಮ ನಿಲುವು ಇಷ್ಟು. ಮನುಷ್ಯನ ಮೈ ಸರಕಾರದ ಹಲಗೆಯಲ್ಲ, ಬಲಿಷ್ಠನ ಹಲಗೆಯೂ ಅಲ್ಲ. ಕೈದಿಯ ಚಿತ್ರ ತೆಗೆಯುವವನು, ಇಟ್ಟುಕೊಳ್ಳುವವನು, ಮಾರುವವನು, ಯಾರೇ ಆಗಲಿ, ಆ ಕೈದಿಗೆ ಉತ್ತರ ಹೇಳಬೇಕಾದವನು. ಸೆರೆಮನೆಯೊಳಗೆ ಕಾಗದ, ಪೆನ್ನು, ವಕೀಲ, ದೂರು ಕೊಡುವ ಹಕ್ಕು ಇವು ದಯೆಯ ಭಿಕ್ಷೆಯಲ್ಲ. ಇವು ಇಲ್ಲದ ಕಡೆ ಚರ್ಮದ ಮೇಲೆ ಬರವಣಿಗೆ ಶುರುವಾಗುತ್ತದೆ.

ಮೊನ್ನೆ ಆ ಹುಡುಗ ಮತ್ತೆ ಬಂದಿದ್ದ. ಪಾಳಿ ಮುಗಿಸಿ, ತಲೆಯ ಮೇಲೆಲ್ಲ ಹತ್ತಿಯ ಎಳೆ. "ಮೇಷ್ಟ್ರೇ, ಅಳಿಸಿಬಿಡ್ಲಾ?" ಎಂದು ಕೇಳಿದ. ಅದು ನಿನ್ನ ಮೈ, ನಿನ್ನ ಇಷ್ಟ, ಅರ್ಥ ತಿಳಿದು ಇಟ್ಟುಕೊಂಡರೆ ನನ್ನದೇನೂ ತಕರಾರಿಲ್ಲ ಎಂದೆ. ಆಮೇಲೆ ರಷ್ಯದ ಕೈದಿಗಳ ಇನ್ನೊಂದು ಹಚ್ಚೆಯ ಸಂಗತಿ ಹೇಳಿದೆ. ಅದನ್ನು ಪಾದಗಳ ಮೇಲೆ ಚುಚ್ಚಿಕೊಳ್ಳುತ್ತಿದ್ದರು. ಚಿತ್ರವಿಲ್ಲ, ಎರಡೇ ಮಾತು: 'ಅವು ದಣಿದಿವೆ.' ಎಂಟು ಗಂಟೆ ಸಾಲಿನಿಂದ ಸಾಲಿಗೆ ಓಡಾಡಿ ಬಂದಿದ್ದ ಹುಡುಗ ಚಪ್ಪಲಿಯೊಳಗಿನ ತನ್ನ ಪಾದ ನೋಡಿಕೊಂಡ. "ಇದಕ್ಕೆ ಅರ್ಥ ಕೇಳ್ಬೇಕಾಗಿಲ್ಲ ಬಿಡಿ ಮೇಷ್ಟ್ರೇ" ಎಂದ. ಭಾನುವಾರದ ಯೂನಿಯನ್ ಸಭೆಗೆ ಬರುವೆನೆಂದು ಹೇಳಿ ಹೋಗಿದ್ದಾನೆ.